ಒಂದೇ ಯಂತ್ರ, ಹಲವು ವಿಭಾಗ: ಮೇನ್‌ಫ್ರೇಮಿನಲ್ಲಿ ಪ್ರೊಸೆಸರ್ ಹಂಚುವುದು ಹೇಗೆ, ನೋಡಿಕೊಳ್ಳುವುದು ಹೇಗೆ



ಈ ಪುಟದಲ್ಲಿ ಸಾಮಾನ್ಯವಾಗಿ ಕಾರ್ಯಕ್ರಮದ ವರದಿ, ಪುಸ್ತಕ ಬಿಡುಗಡೆ, ವರ್ಗಣಿಯ ಲೆಕ್ಕ ಇವೇ ಇರುತ್ತವೆ. ಈ ಸಲ ವಿಷಯ ಬೇರೆ. ಹೊಸೂರು, ಸೊಲ್ಲಾಪುರ, ಕಾಸರಗೋಡು, ಆದವಾನಿ ಕಡೆಯ ನಮ್ಮ ಸದಸ್ಯರ ಮಕ್ಕಳು ಬೆಂಗಳೂರು, ಪುಣೆ, ಹೈದರಾಬಾದಿನ ಕಂಪನಿಗಳಲ್ಲಿ ಮೇನ್‌ಫ್ರೇಮ್ ಕೆಲಸಕ್ಕೆ ಸೇರುತ್ತಿದ್ದಾರೆ. ಯಂತ್ರ ಇರುವುದು ಅಮೆರಿಕದಲ್ಲೋ ಯೂರೋಪಿನಲ್ಲೋ. ಅದನ್ನು ರಾತ್ರಿ ಪಾಳಿಯಲ್ಲಿ ಕಾಯುವವರು ನಮ್ಮವರು. "ಮಗ ಎಲ್‌ಪಾರ್ ಅಂತಾನ, ವೇಟ್ ಅಂತಾನ, ಪ್ರೊಸೆಸರ್ ಆಫ್‌ಲೈನ್ ಅಂತಾನ. ಏನಿದು, ಕೆಲಸಕ್ಕೇನಾದರೂ ಕುತ್ತೇನ್ರೀ?" ಎಂದು ಅಕ್ಕಲಕೋಟೆ ಕಡೆಯ ಹಿರಿಯ ಸದಸ್ಯರೊಬ್ಬರು ಫೋನಿನಲ್ಲಿ ಕೇಳಿದರು. ಮಕ್ಕಳ ತೊಡಕು ಇನ್ನೊಂದು ಬಗೆಯದು. ತರಬೇತಿಯಲ್ಲಿ ಆಜ್ಞೆಗಳನ್ನು ಬಾಯಿಪಾಠ ಮಾಡಿಸುತ್ತಾರೆ, ಕಾರಣ ಹೇಳುವುದಿಲ್ಲ. ಸಂದರ್ಶನದಲ್ಲಿ "ಎಂವಿಎಸ್ ಬಿಝಿ 98, ಎಲ್‌ಪಾರ್ ಬಿಝಿ 75 ಇದೆ, ಏನು ಮಾಡುತ್ತೀರಿ?" ಎಂದರೆ ಬಾಯಿ ಕಟ್ಟುತ್ತದೆ. ಆ ಪ್ರಶ್ನೆಗೆ ಉತ್ತರ ಹೇಳುವಷ್ಟು ಸಂಗತಿ ಈ ಲೇಖನದಲ್ಲಿದೆ.

ನಾನು ಗುಮಾಸ್ತಿಕೆ ಮಾಡಿ ನಿವೃತ್ತನಾದವನು, ಎಂಜಿನಿಯರ್ ಅಲ್ಲ. ಇಡಿಪಿ ವಿಭಾಗದಲ್ಲಿದ್ದಾಗ ಹತ್ತಿದ ಕೈಪಿಡಿ ಓದುವ ಚಟ ಇನ್ನೂ ಬಿಟ್ಟಿಲ್ಲ, ಅಷ್ಟೇ. ಪಠ್ಯಪುಸ್ತಕದವರು ಪ್ರೊಸೆಸರಿಗೆ ಸಂಸ್ಕಾರಕ ಎನ್ನುತ್ತಾರೆ. ಮಕ್ಕಳ ಬಾಯಲ್ಲಿ ಇರುವುದು ಪ್ರೊಸೆಸರ್, ನಾನೂ ಹಾಗೆಯೇ ಬರೆಯುತ್ತೇನೆ.

ಯಂತ್ರದ ಪರಿಚಯ

ಐಬಿಎಂ ಕಂಪನಿ 1964ರ ಏಪ್ರಿಲ್ 7ರಂದು ಸಿಸ್ಟಂ/360 ಎಂಬ ಗಣಕಯಂತ್ರ ಕುಟುಂಬವನ್ನು ಪ್ರಕಟಿಸಿತು. ಇಂದಿನ ಐಬಿಎಂ ಝಡ್ ಯಂತ್ರಗಳು ಅದರ ನೇರ ವಂಶದವು. ಇದನ್ನು "ಹಳೇ ಕಂಪ್ಯೂಟರ್" ಎಂದು ತಿಳಿದ ಪೋಷಕರು ಗಾಬರಿಯಾಗಬೇಕಾಗಿಲ್ಲ. ಹಳೆಯದು ವಂಶ, ಯಂತ್ರ ಹೊಸದು. 2022ರಲ್ಲಿ ಬಂದ ಝಡ್16ರಲ್ಲಿ ಗಿರಾಕಿಯ ಕೆಲಸಕ್ಕೆಂದು 200 ಪ್ರೊಸೆಸರುಗಳ ತನಕ ಹಾಕಿಸಿಕೊಳ್ಳಬಹುದು, ಒಂದೇ ಯಂತ್ರವನ್ನು 85 ಪಾಲುಗಳ ತನಕ ಒಡೆಯಬಹುದು. ಇದರ ಮುಖ್ಯ ಆಪರೇಟಿಂಗ್ ಸಿಸ್ಟಂ ಹೆಸರು ಝಡ್/ಓಎಸ್. ಅದರ ಹಿಂದಿನ ಹೆಸರುಗಳಲ್ಲಿ ಒಂದಾದ ಎಂವಿಎಸ್ ಎಂಬುದು ಇನ್ನೂ ವರದಿಗಳಲ್ಲಿ, ಹಳಬರ ಮಾತಿನಲ್ಲಿ ಉಳಿದಿದೆ.

ಪಾಲು ಮಾಡುವುದೇಕೆ? ಬ್ಯಾಂಕಿನ ನಿಜವಾದ ವ್ಯವಹಾರ ನಡೆಯುವ ಜಾಗದಲ್ಲಿ ಹೊಸ ಪ್ರೋಗ್ರಾಂ ಪರೀಕ್ಷೆ ಮಾಡಲಾಗುವುದಿಲ್ಲ. ಹಾಗೆಂದು ಪರೀಕ್ಷೆಗೊಂದು, ವ್ಯವಹಾರಕ್ಕೊಂದು ಯಂತ್ರ ಕೊಳ್ಳುವುದು ದುಬಾರಿ. 1972ರಲ್ಲಿ ಬಂದ ವಿಎಂ/370 ಎಂಬ ತಂತ್ರಾಂಶ ಒಂದೇ ಯಂತ್ರದೊಳಗೆ ಹಲವು ಯಂತ್ರಗಳಿರುವಂತೆ ತೋರಿಸಬಲ್ಲದಾಗಿತ್ತು. 1988ರಲ್ಲಿ ಐಬಿಎಂ ಅದೇ ಉಪಾಯವನ್ನು ತನ್ನ 3090 ಯಂತ್ರದ ಒಳಗೇ ಕೂಡಿಸಿಕೊಟ್ಟಿತು. ಅದಕ್ಕೆ ಪ್ರಿಝಂ ಎಂದು ಹೆಸರು. ಅಮ್ಡಾಲ್ ಎಂಬ ಪೈಪೋಟಿ ಕಂಪನಿ ಇಂಥದನ್ನು ಅದಕ್ಕೂ ಮುಂಚೆಯೇ ಮಾಡಿ ತೋರಿಸಿತ್ತು ಎಂಬುದನ್ನೂ ಹೇಳಬೇಕು. 2003ರ ಝಡ್990 ಯಂತ್ರದಿಂದೀಚೆಗೆ ಪಾಲು ಮಾಡದೆ ಯಂತ್ರ ನಡೆಸುವ ಪದ್ಧತಿಯೇ ಹೋಯಿತು. ಒಂದೇ ಪಾಲು ಇದ್ದರೂ ಅದು ಪ್ರಿಝಂನ ಕೈಕೆಳಗೇ ಇರಬೇಕು. ಇಂಥ ಒಂದು ಪಾಲಿಗೆ ಲಾಜಿಕಲ್ ಪಾರ್ಟಿಷನ್, ಚಿಕ್ಕದಾಗಿ ಎಲ್‌ಪಾರ್ ಎನ್ನುತ್ತಾರೆ.

ಮೇಜು ಮತ್ತು ಗುಮಾಸ್ತ

ಇಲ್ಲಿ ಎಲ್ಲರೂ ಎಡವುವ ಒಂದು ಸಂಗತಿ ಇದೆ, ಅದನ್ನು ನಿಧಾನವಾಗಿ ನೋಡೋಣ. ನಮ್ಮ ಕಚೇರಿಗಳ ಹೋಲಿಕೆ ಇದಕ್ಕೆ ಚೆನ್ನಾಗಿ ಹೊಂದುತ್ತದೆ.

ಒಂದು ಕಚೇರಿಯಲ್ಲಿ ಹತ್ತು ಮಂದಿ ಗುಮಾಸ್ತರಿದ್ದಾರೆ ಎನ್ನಿ. ಇವರು ಯಂತ್ರದ ನಿಜವಾದ ಪ್ರೊಸೆಸರುಗಳು, ಭೌತಿಕ ಪ್ರೊಸೆಸರುಗಳು. ಕಚೇರಿಯಲ್ಲಿ ಮೂರು ಶಾಖೆ: ಒಂದು ಉತ್ಪಾದನೆ, ಅಂದರೆ ನಿಜ ವ್ಯವಹಾರ; ಇನ್ನೊಂದು ಪರೀಕ್ಷೆ; ಮೂರನೆಯದು ಹೊಸ ಪ್ರೋಗ್ರಾಂ ಬರೆಯುವವರ ಅಭಿವೃದ್ಧಿ ಶಾಖೆ. ಉತ್ಪಾದನೆಗೆ ಎಂಟು ಮೇಜು, ಪರೀಕ್ಷೆಗೆ ನಾಲ್ಕು, ಅಭಿವೃದ್ಧಿಗೆ ಮೂರು ಹಾಕಿದ್ದಾರೆ. ಒಟ್ಟು ಹದಿನೈದು ಮೇಜು, ಕೂರುವವರು ಹತ್ತೇ ಜನ. ಈ ಮೇಜುಗಳೇ ಲಾಜಿಕಲ್ ಪ್ರೊಸೆಸರುಗಳು. ಪ್ರಿಝಂ ಎಂಬ ಮೇಲ್ವಿಚಾರಕ ಗುಮಾಸ್ತನೊಬ್ಬನನ್ನು ಒಂದು ಮೇಜಿಗೆ ಸ್ವಲ್ಪ ಹೊತ್ತು ಕೂರಿಸುತ್ತಾನೆ, ಆಮೇಲೆ ಎಬ್ಬಿಸಿ ಇನ್ನೊಂದು ಶಾಖೆಯ ಮೇಜಿಗೆ ಕಳಿಸುತ್ತಾನೆ. ಸ್ವಲ್ಪ ಹೊತ್ತು ಅಂದರೆ ಸಾಮಾನ್ಯವಾಗಿ 12.5ರಿಂದ 25 ಮಿಲಿಸೆಕೆಂಡು. ನಮಗೆ ಕಣ್ಣು ಮಿಟುಕಿಸುವಷ್ಟೂ ಅಲ್ಲ. ಪ್ರೊಸೆಸರಿಗೆ ಅದು ಬಹಳ ಕಾಲ.

ಶಾಖೆಯ ಮುಖ್ಯಸ್ಥನಿಗೆ, ಅಂದರೆ ಆ ಪಾಲಿನೊಳಗಿನ ಝಡ್/ಓಎಸ್‌ಗೆ, ಮೇಜು ಮಾತ್ರ ಕಾಣುತ್ತದೆ. ಅಲ್ಲಿ ಆ ಗಳಿಗೆಯಲ್ಲಿ ಮನುಷ್ಯ ಕೂತಿದ್ದಾನೋ ಇಲ್ಲವೋ ಎಂಬುದು ಅವನ ಕಣ್ಣಿಗೆ ಬೀಳುವುದಿಲ್ಲ. ಕಡತವನ್ನು ಮೇಜಿನ ಮೇಲಿಟ್ಟು "ಕೆಲಸ ಸಾಗುತ್ತಿದೆ" ಎಂದೇ ಲೆಕ್ಕ ಬರೆದುಕೊಳ್ಳುತ್ತಾನೆ. ಮುಂದೆ ವರದಿಗಳಲ್ಲಿ ಎರಡೆರಡು ಬಗೆಯ ಬಿಝಿ ಅಂಕಿ ಬರುವುದಕ್ಕೆ ಕಾರಣ ಇದೇ.

ಯಾರಿಗೆ ಎಷ್ಟು ಪಾಲು ಎಂಬುದನ್ನು ತೂಕ ಎಂಬ ಅಂಕಿ ಹೇಳುತ್ತದೆ. ಇಂಗ್ಲಿಷಿನಲ್ಲಿ ವೇಟ್. ಒಂದರಿಂದ 999ರವರೆಗೆ ಯಾವ ಅಂಕಿಯನ್ನಾದರೂ ಕೊಡಬಹುದು. ಅಂಕಿಗೆ ತನ್ನಷ್ಟಕ್ಕೆ ಬೆಲೆ ಇಲ್ಲ, ಉಳಿದವರ ಅಂಕಿಗೆ ಹೋಲಿಸಿದಾಗಷ್ಟೇ ಬೆಲೆ. ಉತ್ಪಾದನೆಗೆ 600, ಪರೀಕ್ಷೆಗೆ 250, ಅಭಿವೃದ್ಧಿಗೆ 150 ಎಂದು ಇಟ್ಟರೆ ಒಟ್ಟು 1000. ಹತ್ತು ಪ್ರೊಸೆಸರಿನಲ್ಲಿ ಉತ್ಪಾದನೆಯ ಹಕ್ಕು 6, ಪರೀಕ್ಷೆಯದು 2.5, ಅಭಿವೃದ್ಧಿಯದು 1.5. ಎಲ್ಲರೂ ಒಟ್ಟಿಗೆ ಕೈಚಾಚಿದಾಗ ಮಾತ್ರ ಈ ಲೆಕ್ಕ ಕಟ್ಟುನಿಟ್ಟು. ಅಭಿವೃದ್ಧಿಯವರು ಊಟಕ್ಕೆ ಹೋಗಿ ಅವರ ಪಾಲು ಖಾಲಿ ಬಿದ್ದಿದ್ದರೆ ಉಳಿದಿಬ್ಬರು ಅದನ್ನು ಬಳಸಿಕೊಳ್ಳಬಹುದು, ತಕರಾರಿಲ್ಲ. ಕಾಲುವೆ ನೀರಿನ ಸರದಿ ಗೊತ್ತಿರುವ ತಾಳವಾಡಿ, ರಾಯದುರ್ಗದ ರೈತ ಸದಸ್ಯರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಒಂದೇ ವ್ಯತ್ಯಾಸ, ಇಲ್ಲಿ ತೂಬು ತಿರುಗಿಸುವವನಿಗೆ ದಾಕ್ಷಿಣ್ಯವಿಲ್ಲ.

ಪರೀಕ್ಷೆಯ ಎಲ್‌ಪಾರನ್ನು ಪೂರ್ತಿ ನಿಲ್ಲಿಸಿಬಿಟ್ಟರೆ? ಒಟ್ಟು ತೂಕ 750 ಆಗುತ್ತದೆ. ಉತ್ಪಾದನೆಯ ಹಕ್ಕು 600ನ್ನು 750ರಿಂದ ಭಾಗಿಸಿ ಹತ್ತರಿಂದ ಗುಣಿಸಿದರೆ 8. ಅದಕ್ಕೆ ಎಂಟು ಮೇಜು ಇರುವುದರಿಂದ ಪೂರ್ತಿ ಬಳಸಬಹುದು. ಆರೇ ಮೇಜು ಹಾಕಿದ್ದರೆ ಹಕ್ಕು ಎಂಟಿದ್ದೂ ಆರಕ್ಕಿಂತ ಹೆಚ್ಚು ಸಿಗುತ್ತಿರಲಿಲ್ಲ. ಹಕ್ಕು ತೂಕದಿಂದ, ಮಿತಿ ಮೇಜಿನಿಂದ. ಈ ಎರಡನ್ನೂ ಬೇರೆ ಬೇರೆಯಾಗಿ ನೆನಪಿಡಿ.

ಹಾಗಾದರೆ ಎಲ್ಲ ಶಾಖೆಗೂ ಹತ್ತತ್ತು ಮೇಜು ಹಾಕಿಬಿಟ್ಟರಾಯಿತಲ್ಲ, ಬೇಕಾದಾಗ ಬಳಸಿಕೊಳ್ಳಲಿ ಎಂದು ಯಾರಾದರೂ ಕೇಳುತ್ತಾರೆ. ಬೇಡ. ಅಭಿವೃದ್ಧಿಯ ಹಕ್ಕು ಒಂದೂವರೆ ಗುಮಾಸ್ತ. ಅದನ್ನು ಹತ್ತು ಮೇಜಿಗೆ ಹಂಚಿದರೆ ಒಂದೊಂದು ಮೇಜಿಗೆ ಶೇಕಡಾ 15ರಷ್ಟು ಹೊತ್ತು ಮಾತ್ರ ಮನುಷ್ಯ ಸಿಗುತ್ತಾನೆ. ಅವನು ಬೀರುವಿನ ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡೇ ಎದ್ದು ಹೋದನೆನ್ನಿ, ಉಳಿದ ಮೇಜುಗಳಲ್ಲಿ ಕೂತವರೂ ಆ ಬೀರು ತೆರೆಯಲಾರದೆ ಕಾಯುತ್ತಾರೆ. ಯಂತ್ರದಲ್ಲೂ ಹೀಗೇ. ಪ್ರೋಗ್ರಾಂ ಒಂದು ಲಾಕ್ ಹಿಡಿದಿರುವಾಗಲೇ ಅದರ ಲಾಜಿಕಲ್ ಪ್ರೊಸೆಸರಿನ ಕೆಳಗಿಂದ ಭೌತಿಕ ಪ್ರೊಸೆಸರನ್ನು ಪ್ರಿಝಂ ಎಳೆದುಕೊಂಡರೆ, ಆ ಲಾಕ್‌ಗಾಗಿ ಉಳಿದವು ಕಾಯಬೇಕು. ಇದನ್ನು ಶಾರ್ಟ್ ಸಿಪಿ ತೊಂದರೆ ಎನ್ನುತ್ತಾರೆ. ಹಕ್ಕಿಗಿಂತ ತುಸು ಹೆಚ್ಚು ಮೇಜು ಇರಲಿ. ಮೂರು ನಾಲ್ಕು ಪಟ್ಟು ಬೇಡ.

ಈ ಹೋಲಿಕೆಗೆ ಹೊರತಾದ ಒಂದು ಏರ್ಪಾಟೂ ಇದೆ. ಡೆಡಿಕೇಟೆಡ್, ಅಂದರೆ ಒಬ್ಬ ಗುಮಾಸ್ತನನ್ನು ಒಂದೇ ಮೇಜಿಗೆ ಕಾಯಂ ಕೂರಿಸುವುದು. ಕೆಲಸವಿಲ್ಲದಿದ್ದರೂ ಅವನನ್ನು ಬೇರೆ ಶಾಖೆ ಕೇಳುವಂತಿಲ್ಲ. ಇಂಥವರು ತೂಕದ ಲೆಕ್ಕದಿಂದ ಹೊರಗೆ.

ಎಲ್ಲ ಪ್ರೊಸೆಸರೂ ಒಂದೇ ಬಗೆಯದಲ್ಲ

ಒಳಗಿನ ತುಣುಕು ಒಂದೇ ಆದರೂ ಕೊಳ್ಳುವಾಗ ಹೆಸರು ಬೇರೆ, ಬೆಲೆ ಬೇರೆ. ಎಲ್ಲ ಕೆಲಸವನ್ನೂ ಮಾಡುವುದು ಸಿಪಿ. ಲಿನಕ್ಸ್ ನಡೆಸುವುದಕ್ಕೆ ಐಎಫ್ಎಲ್. ಹಲವು ಝಡ್/ಓಎಸ್‌ಗಳನ್ನು ಒಂದು ಕೂಟವಾಗಿ ಕಟ್ಟುವ ಕಪ್ಲಿಂಗ್ ಫೆಸಿಲಿಟಿಗೆ ಐಸಿಎಫ್. 2006ರಲ್ಲಿ ಬಂದ ಝಿಪ್ ಎಂಬುದು ಜಾವಾ, ದೂರದಿಂದ ಬರುವ ಡಿಬಿ2 ವಿಚಾರಣೆ ಮುಂತಾದ ಕೆಲವು ಕೆಲಸಗಳಿಗೆ ಮಾತ್ರ. 2004ರಲ್ಲಿ ಜಾವಾಕ್ಕೆಂದೇ ಬಂದ ಝಾಪ್ ಎಂಬುದು ಝಡ್13 ಯಂತ್ರದಿಂದ ಮುಂದಕ್ಕೆ ಇಲ್ಲ, ಅದರ ಕೆಲಸವನ್ನೂ ಝಿಪ್ ಮಾಡುತ್ತದೆ. ಝಿಪ್ ಮೇಲೆ ನಡೆದ ಕೆಲಸ ಐಬಿಎಂ ತಂತ್ರಾಂಶದ ಬಿಲ್ಲಿಗೆ ಲೆಕ್ಕಕ್ಕೆ ಬರುವುದಿಲ್ಲ. ಬಿಲ್ಲಿನ ಮಾತು ಬಂದಾಗ ಇದು ಬೇಕಾಗುತ್ತದೆ. ಇವಲ್ಲದೆ ಯಂತ್ರದಲ್ಲಿ ಬದಲಿ ಪ್ರೊಸೆಸರುಗಳೂ ಇರುತ್ತವೆ. ಒಂದು ಕೆಟ್ಟರೆ ಬದಲಿಯು ಸಾಮಾನ್ಯವಾಗಿ ಪ್ರೋಗ್ರಾಮಿಗೆ ಗೊತ್ತೇ ಆಗದಂತೆ ಅದರ ಜಾಗಕ್ಕೆ ಬಂದು ಕೂರುತ್ತದೆ. ಹಾಗಾಗಿ "ಪ್ರೊಸೆಸರ್ ಆಫ್‌ಲೈನ್" ಎಂದು ಮಗ ಫೋನಿನಲ್ಲಿ ಹೇಳಿದ ಕೂಡಲೇ ಅದು ಸುಟ್ಟುಹೋಯಿತೆಂದು ತಿಳಿಯಬೇಡಿ. ಬಹುಮಟ್ಟಿಗೆ ಅದು ಯಾರೋ ಬೇಕೆಂದೇ ಎತ್ತಿಟ್ಟ ಮೇಜು.

ಮೇಜು ಹಾಕುವುದು, ಎತ್ತುವುದು

ಯಾವ ಪಾಲಿಗೆ ಎಷ್ಟು ಮೇಜು, ಎಷ್ಟು ತೂಕ ಎಂಬುದನ್ನು ಎಚ್‌ಎಂಸಿ ಎಂಬ ಪ್ರತ್ಯೇಕ ಕನ್ಸೋಲಿನಲ್ಲಿ ಬರೆದಿಡುತ್ತಾರೆ. ಒಂದೊಂದು ಎಲ್‌ಪಾರಿಗೂ ಒಂದು ಇಮೇಜ್ ಪ್ರೊಫೈಲ್ ಇರುತ್ತದೆ, ನಮ್ಮ ಸೇವಾ ಪುಸ್ತಕ ಇದ್ದ ಹಾಗೆ. ಅದರಲ್ಲಿ ಎರಡು ಅಂಕಣ ಗಮನಿಸಬೇಕು. ಇನಿಷಿಯಲ್ ಎಂಬಲ್ಲಿ ಬರೆದಷ್ಟು ಪ್ರೊಸೆಸರುಗಳು ಮೊದಲಿಗೇ ಬರುತ್ತವೆ. ರಿಸರ್ವ್‌ಡ್ ಎಂಬಲ್ಲಿ ಬರೆದವು ಸದ್ಯಕ್ಕೆ ಬರುವುದಿಲ್ಲ, ಮುಂದೆ ಬೇಕಾದಾಗ ಸಿಸ್ಟಂ ನಿಲ್ಲಿಸದೆ ತರಬಹುದು. ಖಾಲಿ ಹುದ್ದೆ ಮಂಜೂರಾಗಿರುವಂತೆ. ಮಂಜೂರಾತಿ ಇಲ್ಲದ ಹುದ್ದೆಗೆ ಆಳು ತರುವುದು ಎಷ್ಟು ಕಷ್ಟವೆಂದು ನಮಗೆಲ್ಲ ಗೊತ್ತು. ಝಡ್10ರಿಂದೀಚೆಗೆ ಎಚ್‌ಎಂಸಿಯಿಂದಲೇ ಹೊಸ ಲಾಜಿಕಲ್ ಪ್ರೊಸೆಸರ್ ಸೇರಿಸುವ ಸೌಲಭ್ಯ ಬಂದಿದೆ, ಆದರೂ ರಿಸರ್ವ್‌ಡ್ ಅಂಕಣವನ್ನು ಸೊನ್ನೆ ಬಿಡದಿರುವುದೇ ಜಾಣತನ ಎಂಬುದು ನನ್ನ ಅಭಿಪ್ರಾಯ.

ಒಳಗೆ ಝಡ್/ಓಎಸ್ ಕನ್ಸೋಲಿನಲ್ಲಿ ಕೂತವರು ಮೊದಲು ಕೊಡುವ ಆಜ್ಞೆ ಡಿ ಎಂ=ಸಿಪಿಯು. ಡಿ ಅಂದರೆ ಡಿಸ್‌ಪ್ಲೇ, ತೋರಿಸು. ಉತ್ತರದ ಮೊದಲ ಸಾಲಿನಲ್ಲಿ ಐಇಇ174ಐ ಎಂಬ ಸಂದೇಶ ಸಂಖ್ಯೆ ಇರುತ್ತದೆ. ಕೆಳಗೆ ನಮ್ಮ ಹಾಜರಿ ಪುಸ್ತಕದ ಹಾಗೆ ಒಂದೊಂದು ಪ್ರೊಸೆಸರಿಗೆ ಒಂದೊಂದು ಸಾಲು. ಕೂಡುವ ಚಿಹ್ನೆ ಇದ್ದರೆ ಹಾಜರು, ಆನ್‌ಲೈನ್. ಕಳೆಯುವ ಚಿಹ್ನೆ ಇದ್ದರೆ ಆಫ್‌ಲೈನ್. ಬರೀ ಚುಕ್ಕಿ ಇದ್ದರೆ ಅಂಥ ಪ್ರೊಸೆಸರೇ ಇಲ್ಲ. ಪಕ್ಕದಲ್ಲಿ ಐ ಅಕ್ಷರ ಕಂಡರೆ ಅದು ಝಿಪ್. ಕೆಳಗಡೆ ಯಂತ್ರದ ಗುರುತು, ಎಲ್‌ಪಾರಿನ ಹೆಸರು ಮತ್ತು ಸಂಖ್ಯೆ ಇರುತ್ತವೆ. ಈ ಹೆಸರನ್ನು ಪ್ರತಿ ಸಲವೂ ಓದಿಕೊಳ್ಳಬೇಕು. ಒಂದೇ ಪರದೆಯಲ್ಲಿ ನಾಲ್ಕು ಸಿಸ್ಟಂ ತೆರೆದಿಟ್ಟುಕೊಂಡು ರಾತ್ರಿ ಮೂರು ಗಂಟೆಗೆ ಕೆಲಸ ಮಾಡುವ ಮಕ್ಕಳಿಗೆ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಪರೀಕ್ಷೆಗೆ ಹೋಗಬೇಕಾದ ಆಜ್ಞೆ ಉತ್ಪಾದನೆಗೆ ಹೋದರೆ ಯಾವುದೋ ದೇಶದಲ್ಲಿ ಯಾರದೋ ಪಗಾರ ಖಾತೆಗೆ ಬೀಳುವುದು ತಡವಾಗುತ್ತದೆ.

ಸಂಖ್ಯೆಗಳು ಹದಿನಾರರ ಲೆಕ್ಕದವು ಎಂಬುದೂ ಗೊತ್ತಿರಲಿ. ಒಂಬತ್ತರ ನಂತರ 0ಎ, 0ಬಿ ಹೀಗೆ ಹೋಗಿ 0ಎಫ್ ಆದ ಮೇಲೆ 10 ಬರುತ್ತದೆ. ಅಲ್ಲಿ 10 ಎಂದು ಕಂಡದ್ದು ನಮ್ಮ ಲೆಕ್ಕದ 16.

ಮೇಜು ಎತ್ತಲು ಸಿಎಫ್ ಸಿಪಿಯು(3),ಆಫ್‌ಲೈನ್ ಎಂದು ಕೊಡಬೇಕು; ಹಾಕಲು ಅದರಲ್ಲೇ ಆನ್‌ಲೈನ್. ಸಿಎಫ್ ಎಂದರೆ ಕಾನ್‌ಫಿಗ್. ಕೆಲಸ ಆದರೆ ಆನ್‌ಲೈನಿಗೆ ಐಇಇ504ಐ, ಆಫ್‌ಲೈನಿಗೆ ಐಇಇ505ಐ, ಕೊನೆಗೆ ಮುಗಿಯಿತು ಎನ್ನಲು ಐಇಇ712ಐ ಬರುತ್ತವೆ. ಉಳಿದಿರುವ ಒಂದೇ ಒಂದು ಸಿಪಿಯನ್ನೂ ಎತ್ತಲು ಹೋದರೆ ಸಿಸ್ಟಂ ಒಪ್ಪುವುದಿಲ್ಲ, ಅಷ್ಟು ಬುದ್ಧಿ ಅದಕ್ಕಿದೆ. ಎಂಟರಲ್ಲಿ ಐದನ್ನು ಎತ್ತಿದರೆ ಮಾತ್ರ ತುಟಿ ಬಿಚ್ಚದೆ ಮಾಡಿಬಿಡುತ್ತದೆ. ಅದಕ್ಕೇ ಎಚ್ಚರ ನಮ್ಮದಾಗಿರಬೇಕು.

2015ರ ಝಡ್13 ಯಂತ್ರದಿಂದ ಝಿಪ್ ಒಂದರಲ್ಲಿ ಎರಡು ಎಳೆ ಒಟ್ಟಿಗೆ ಓಡಿಸುವ ಸೌಲಭ್ಯ ಬಂತು. ಅದು ಬೇಕಿದ್ದರೆ ಸಿಸ್ಟಂ ಶುರುವಾಗುವಾಗ ಓದುವ ಲೋಡ್ ಕಡತದಲ್ಲಿ ಪ್ರೊಕ್‌ವ್ಯೂ ಕೋರ್ ಎಂದು ಬರೆದಿರಬೇಕು. ಹಾಗೆ ಬರೆದ ಸಿಸ್ಟಂನಲ್ಲಿ ಸಿಪಿಯು ಬದಲು ಕೋರ್ ಎಂಬ ಪದ ಬಳಸಬೇಕು: ಡಿ ಎಂ=ಕೋರ್, ಸಿಎಫ್ ಕೋರ್(3),ಆಫ್‌ಲೈನ್. ಹಳೆಯ ಟಿಪ್ಪಣಿ ನೋಡಿಕೊಂಡು ಆಜ್ಞೆ ಕೊಟ್ಟು "ಯಾಕೆ ಒಪ್ಪುತ್ತಿಲ್ಲ" ಎಂದು ತಲೆ ಕೆರೆದುಕೊಳ್ಳುವವರು ಇದನ್ನು ಮೊದಲು ನೋಡಲಿ.

ನನಗೆ ಬಹಳ ಹಿಡಿಸಿದ ಸೌಲಭ್ಯ ಬೇರೊಂದಿದೆ, ಅದನ್ನು ಹೆಚ್ಚು ಜನ ಬಳಸುವಂತೆ ಕಾಣುವುದಿಲ್ಲ. ಸಿಸ್ಟಂನಲ್ಲಿ ಏನೇನು ಆನ್‌ಲೈನ್ ಇರಬೇಕು ಎಂಬ ಪಟ್ಟಿಯನ್ನು ಕಾನ್‌ಫಿಗ್ ಎಂಬ ಹೆಸರಿನ ಮುಂದೆ ಎರಡಕ್ಷರದ ಗುರುತು ಸೇರಿಸಿ ಕಡತ ಮಾಡಿಡಬಹುದು. ಆಮೇಲೆ ಡಿ ಎಂ=ಕಾನ್‌ಫಿಗ್ ಎಂದು ಬರೆದು ಕಂಸದಲ್ಲಿ ಆ ಗುರುತನ್ನು ಕೊಟ್ಟರೆ, ಪಟ್ಟಿಗೂ ವಾಸ್ತವಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ತೋರಿಸುತ್ತದೆ. ಮಾರ್ಚ್ ತಿಂಗಳಲ್ಲಿ ಡೆಡ್ ಸ್ಟಾಕ್ ರಿಜಿಸ್ಟರ್ ಹಿಡಿದು ಕುರ್ಚಿ ಎಣಿಸಿದವರಿಗೆ ಇದರ ಬೆಲೆ ಗೊತ್ತು. ಪಾಳಿ ಬದಲಾಗುವಾಗ ಈ ಒಂದು ಆಜ್ಞೆ ಕೊಟ್ಟರೆ, ಹಿಂದಿನ ಪಾಳಿಯವರು ಎತ್ತಿಟ್ಟು ಮರೆತ ಮೇಜು ಬಯಲಾಗುತ್ತದೆ.

ತೂಕ ಬದಲಾಯಿಸುವುದು ಝಡ್/ಓಎಸ್ ಕನ್ಸೋಲಿನ ಈ ಆಜ್ಞೆಗಳಿಂದಲ್ಲ, ಎಚ್‌ಎಂಸಿಯಿಂದ. ಯಂತ್ರ ನಡೆಯುತ್ತಿರುವಾಗಲೇ ಮಾಡಬಹುದು. ಒಬ್ಬರ ತೂಕ ಏರಿಸಿದರೆ ಉಳಿದವರ ಹಕ್ಕು ತಾನಾಗಿ ಇಳಿಯುತ್ತದೆ, ಅವರ ಅಂಕಿಯನ್ನು ಯಾರೂ ಮುಟ್ಟದಿದ್ದರೂ.

ಮೇಜಿಗೂ ದರ್ಜೆ

2008ರ ಝಡ್10 ಯಂತ್ರದೊಡನೆ ಹೈಪರ್‌ಡಿಸ್‌ಪ್ಯಾಚ್ ಎಂಬುದು ಬಂತು. ಅದಕ್ಕೂ ಮುಂಚೆ ಹಕ್ಕನ್ನು ಎಲ್ಲ ಮೇಜಿಗೂ ಸಮನಾಗಿ ಸವರುತ್ತಿದ್ದರು. ಆರು ಗುಮಾಸ್ತರ ಹಕ್ಕು, ಎಂಟು ಮೇಜು. ಒಂದೊಂದಕ್ಕೆ ಶೇಕಡಾ 75. ಇದರಲ್ಲಿ ನಷ್ಟವಿದೆ. ಗುಮಾಸ್ತ ಮೇಜಿಂದ ಮೇಜಿಗೆ ಅಲೆದಷ್ಟೂ ಹಿಂದಿನ ಕಡತದ ನೆನಪು ಹೋಗುತ್ತದೆ, ಹೊಸದನ್ನು ಮೊದಲಿನಿಂದ ಓದಬೇಕು. ಪ್ರೊಸೆಸರಿನ ಪಕ್ಕದಲ್ಲಿರುವ ಕ್ಯಾಶ್ ಎಂಬ ವೇಗದ ನೆನಪಿನ ಕಥೆಯೂ ಇದೇ. ಹೈಪರ್‌ಡಿಸ್‌ಪ್ಯಾಚ್ ಬಂದ ಮೇಲೆ ಮೇಜುಗಳಿಗೆ ಮೂರು ದರ್ಜೆ. ಹೈ ದರ್ಜೆಯ ಮೇಜಿಗೆ ಒಬ್ಬ ಗುಮಾಸ್ತ ಹೆಚ್ಚುಕಡಿಮೆ ಕಾಯಂ. ಮೀಡಿಯಂಗೆ ಅರ್ಧ ಅಥವಾ ಹೆಚ್ಚು ಹೊತ್ತು. ಲೋ ದರ್ಜೆಗೆ ಹಕ್ಕೇ ಇಲ್ಲ; ಬೇರೆ ಶಾಖೆಯವರು ಬಿಟ್ಟುಕೊಟ್ಟಾಗ ಮಾತ್ರ ಅಲ್ಲಿ ಕೆಲಸ. ನಮ್ಮ ಪರೀಕ್ಷೆಯ ಶಾಖೆಯ ಹಕ್ಕು 2.5, ಮೇಜು ನಾಲ್ಕು. ಎರಡು ಹೈ, ಒಂದು ಅರ್ಧ ಹೊತ್ತಿನ ಮೀಡಿಯಂ, ಒಂದು ಲೋ. ಹಕ್ಕು 3.2 ಇದ್ದರೆ ಮೂರು ಹೈ ಸಿಗುತ್ತದೆಂದು ಎಣಿಸಬೇಡಿ. ಉಳಿದ 0.2 ಅರ್ಧಕ್ಕಿಂತ ಕಡಿಮೆಯಾದ್ದರಿಂದ, ಎರಡು ಹೈ ಮಾಡಿ ಮಿಕ್ಕ 1.2ನ್ನು ಎರಡು ಮೀಡಿಯಂಗೆ 0.6ರಂತೆ ಹಂಚುತ್ತದೆ. ತೂಕದಲ್ಲಿ ಚೂರು ಹೆಚ್ಚುಕಡಿಮೆ ಮಾಡಿ ಹಕ್ಕನ್ನು ಮೂರೂವರೆಗೆ ತಂದರೆ ಮೂರು ಹೈ ದಕ್ಕುತ್ತದೆ. ತೂಕದ ಅಂಕಿಯನ್ನು ಕಣ್ಣಂದಾಜಿನಲ್ಲಿ ಹಾಕಬಾರದು ಎನ್ನುವುದು ಇದಕ್ಕೇ.

ಬೇಡವಾದಾಗ ಲೋ ದರ್ಜೆಯ ಮೇಜುಗಳನ್ನು ಝಡ್/ಓಎಸ್ ತಾನೇ ಪಾರ್ಕ್ ಮಾಡಿಡುತ್ತದೆ. ಪಾರ್ಕ್ ಆದದ್ದು ಆಫ್‌ಲೈನ್ ಅಲ್ಲ; ಡಿ ಎಂ=ಸಿಪಿಯು ಅದನ್ನು ಹಾಜರೆಂದೇ ತೋರಿಸುತ್ತದೆ.

ವರದಿ ಓದುವುದು

ಈಗ ಆ ಸಂದರ್ಶನದ ಪ್ರಶ್ನೆಗೆ ಬರೋಣ. ಝಡ್/ಓಎಸ್‌ನಲ್ಲಿ ಆರ್‌ಎಂಎಫ್ ಎಂಬ ಅಳತೆಯ ತಂತ್ರಾಂಶವಿದೆ. ಸಾಮಾನ್ಯವಾಗಿ ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಕಟ್ಟಿ ಎಸ್‌ಎಂಎಫ್ 70 ಎಂಬ ದಾಖಲೆಯಲ್ಲಿ ಬರೆದಿಡುತ್ತದೆ. ಅದರಿಂದ ಎರಡು ವರದಿ ತೆಗೆಯಬಹುದು: ತನ್ನ ಪಾಲಿನ ಪ್ರೊಸೆಸರುಗಳ ಸಿಪಿಯು ಆಕ್ಟಿವಿಟಿ ವರದಿ ಮತ್ತು ಯಂತ್ರದ ಎಲ್ಲ ಪಾಲುಗಳ ಪಾರ್ಟಿಷನ್ ಡೇಟಾ ವರದಿ. ಎರಡನೆಯದರಲ್ಲಿ ತನ್ನ ಪಾಲೊಂದೇ ಕಂಡು ಉಳಿದವರು ಕಾಣದಿದ್ದರೆ ಇಮೇಜ್ ಪ್ರೊಫೈಲಿನ ಭದ್ರತೆಯ ಪುಟದಲ್ಲಿ ಗ್ಲೋಬಲ್ ಪರ್ಫಾರ್ಮೆನ್ಸ್ ಡೇಟಾ ಕಂಟ್ರೋಲ್ ಎಂಬಲ್ಲಿ ಗುರುತು ಹಾಕಿಲ್ಲ ಎಂದರ್ಥ.

ಮೊದಲ ವರದಿಯಲ್ಲಿ ಎಲ್‌ಪಾರ್ ಬಿಝಿ ಎಂದರೆ ಮೇಜಿನಲ್ಲಿ ನಿಜವಾಗಿ ಮನುಷ್ಯ ಕೂತು ಕೆಲಸ ಮಾಡಿದ ಹೊತ್ತು. ಎಂವಿಎಸ್ ಬಿಝಿ ಎಂದರೆ ಮೇಜಿನ ಮೇಲೆ ಕಡತ ಇದ್ದ ಹೊತ್ತು, ಮನುಷ್ಯ ಇದ್ದರೂ ಇಲ್ಲದಿದ್ದರೂ.

ಬೆಳಿಗ್ಗೆ ಹತ್ತು ಗಂಟೆಗೆ ಉತ್ಪಾದನೆಯಲ್ಲಿ ಎಲ್‌ಪಾರ್ ಬಿಝಿ 75, ಎಂವಿಎಸ್ ಬಿಝಿ 98 ಎಂದು ಬಂತೆನ್ನಿ. ಎಂಟು ಮೇಜಿನ ಶೇಕಡಾ 75 ಅಂದರೆ 6 ಗುಮಾಸ್ತರು. ಅದರ ಹಕ್ಕೂ ಆರೇ. ಅದಕ್ಕೆ ಸಲ್ಲಬೇಕಾದಷ್ಟು ಪೂರ್ತಿ ಸಿಕ್ಕಿದೆ, ಕೆಲಸ ಅದಕ್ಕಿಂತ ಹೆಚ್ಚಿದೆ, ಉಳಿದ ಶಾಖೆಗಳು ತಮ್ಮ ಪಾಲು ಬಿಡುತ್ತಿಲ್ಲ. ಹೊಸಬರು ಇಲ್ಲಿ ಮಾಡುವ ಮೊದಲ ಕೆಲಸ ರಿಸರ್ವ್‌ಡ್ ಇಂದ ಇನ್ನೆರಡು ಪ್ರೊಸೆಸರ್ ಆನ್‌ಲೈನ್ ಮಾಡುವುದು. ಮೇಜು ಹೆಚ್ಚಿಸಿದರೆ ಗುಮಾಸ್ತರು ಹೆಚ್ಚುವುದಿಲ್ಲ. ಇದ್ದ ಆರು ಜನ ಹತ್ತು ಮೇಜಿಗೆ ಹರಿದು ಹಂಚಿಹೋಗುತ್ತಾರೆ. ಇಲ್ಲಿ ಬೇಕಾದದ್ದು ತೂಕ. ಉತ್ಪಾದನೆಗೆ 700, ಪರೀಕ್ಷೆಗೆ 180, ಅಭಿವೃದ್ಧಿಗೆ 120 ಮಾಡಿದರೆ ಹಕ್ಕು ಏಳಕ್ಕೆ ಏರುತ್ತದೆ, ಉಳಿದವು 1.8 ಮತ್ತು 1.2ಕ್ಕೆ ಇಳಿಯುತ್ತವೆ. ಪರೀಕ್ಷೆಯವರು ಗೊಣಗುತ್ತಾರೆ, ಅದು ಬೇರೆ ಮಾತು.

ಎಲ್‌ಪಾರ್ ಬಿಝಿ 97, ಎಂವಿಎಸ್ ಬಿಝಿ 98 ಇದ್ದು, ಪಾರ್ಟಿಷನ್ ವರದಿಯಲ್ಲಿ ಯಂತ್ರದ ಒಟ್ಟು ಬಳಕೆ 85 ಮಾತ್ರ ಎಂದಿದ್ದರೆ ಕಥೆ ಬೇರೆ. ಎಂಟೂ ಮೇಜು ತುಂಬಿವೆ, ಹೊರಗೆ ಗುಮಾಸ್ತರು ಖಾಲಿ ಇದ್ದಾರೆ, ಕೂರಲು ಜಾಗವಿಲ್ಲ. ಈಗ ಸಿಎಫ್ ಆಜ್ಞೆ ಕೊಟ್ಟು ಮೇಜು ಹಾಕುವುದು ಸರಿ. ಎರಡೂ 60ರ ಹತ್ತಿರವಿದ್ದು ಬಳಕೆದಾರರು ನಿಧಾನ ಎಂದು ದೂರುತ್ತಿದ್ದರೆ ತಪ್ಪು ಪ್ರೊಸೆಸರಿನದಲ್ಲ. ಡಿಸ್ಕು, ಡೇಟಾಬೇಸಿನ ಲಾಕು ಕಡೆ ಹುಡುಕಬೇಕು.

ಒಂದು ಷರಾ ಸೇರಿಸುತ್ತೇನೆ. ಹೈಪರ್‌ಡಿಸ್‌ಪ್ಯಾಚ್ ಇರುವಲ್ಲಿ ಪಾರ್ಕ್ಡ್ ಎಂಬ ಅಂಕಣವನ್ನು ಮೊದಲು ನೋಡಿ. ಪಾರ್ಕ್ ಆದ ಹೊತ್ತನ್ನು ಎಂವಿಎಸ್ ಬಿಝಿ ಲೆಕ್ಕಕ್ಕೆ ಹಿಡಿಯುವುದಿಲ್ಲ, ಎಲ್‌ಪಾರ್ ಬಿಝಿ ಹಿಡಿಯುತ್ತದೆ. ಎರಡು ಮೇಜು ಪೂರ್ತಿ ಪಾರ್ಕ್ ಆಗಿ ಉಳಿದ ಆರು ತುಂಬಿದ್ದರೂ ಸರಾಸರಿ ಸಾಲಿನಲ್ಲಿ ಇದೇ 75, 98 ಬರಬಹುದು. ಸರಾಸರಿ ನೋಡಿ ತೀರ್ಮಾನಿಸದೆ ಒಂದೊಂದು ಪ್ರೊಸೆಸರಿನ ಸಾಲನ್ನೂ ಓದಬೇಕು.

ಬಿಲ್ಲಿನ ವಿಚಾರ

ಯಂತ್ರದ ಬೆಲೆಗಿಂತ ತಂತ್ರಾಂಶದ ತಿಂಗಳ ಬಿಲ್ಲು ಕಂಪನಿಗಳನ್ನು ಹೆಚ್ಚು ಕಾಡುತ್ತದೆ. ಮಗ ರಾತ್ರಿ ಎದ್ದು ಕೂತಿರುವುದಕ್ಕೆ ಇದೂ ಒಂದು ಕಾರಣ. ಬಳಕೆಯನ್ನು ಎಂಎಸ್‌ಯು ಎಂಬ ಮಾನದಲ್ಲಿ ಅಳೆಯುತ್ತಾರೆ. ಕ್ಷಣದ ಬಳಕೆಯನ್ನಲ್ಲ, ಹಿಂದಿನ ನಾಲ್ಕು ಗಂಟೆಗಳ ಉರುಳು ಸರಾಸರಿಯನ್ನು ಹಿಡಿಯುತ್ತಾರೆ. ಬಹುಕಾಲದಿಂದ ನಡೆದುಬಂದ ಪದ್ಧತಿಯಲ್ಲಿ ಒಂದು ತಿಂಗಳ 2ನೇ ತಾರೀಖಿನಿಂದ ಮುಂದಿನ ತಿಂಗಳ 1ರವರೆಗೆ ಈ ಸರಾಸರಿ ಅತಿ ಎತ್ತರಕ್ಕೆ ಹೋದ ಗಂಟೆ ಯಾವುದೋ ಅದರ ಮೇಲೆ ಇಡೀ ತಿಂಗಳ ಬಿಲ್ಲು. ಒಂದು ಕೆಟ್ಟ ರಾತ್ರಿ ತಿಂಗಳ ಲೆಕ್ಕವನ್ನು ಏರಿಸಬಲ್ಲದು. 2019ರ ನಂತರ ಬೇರೆ ಬಗೆಯ ದರ ಪದ್ಧತಿಯೂ ಬಂದಿದೆ, ಕೆಲವರು ಅದಕ್ಕೆ ಹೋಗಿದ್ದಾರೆ.

ಬಿಲ್ಲಿಗೆ ಲಗಾಮು ಹಾಕಲು ಎಲ್‌ಪಾರಿಗೆ ಒಂದು ಮಿತಿ ಬರೆದಿಡಬಹುದು, ಡಿಫೈನ್ಡ್ ಕೆಪಾಸಿಟಿ ಎಂದು. ಮಿತಿ 400 ಎಂಎಸ್‌ಯು ಎನ್ನಿ. ಎಲ್‌ಪಾರು ನಾಲ್ಕೈದು ಗಂಟೆಗಳಿಂದ ಒಂದೇ ಸಮ 300 ಬಳಸುತ್ತಿದ್ದು, ಆಮೇಲೆ ಒಮ್ಮೆಗೇ 700ಕ್ಕೆ ಏರಿದರೆ, ಸರಾಸರಿ 400 ಮುಟ್ಟಲು ಒಂದು ಗಂಟೆ ಬೇಕು. ಅಲ್ಲಿಯತನಕ ತಡೆಯಿಲ್ಲ. ಮುಟ್ಟಿದ ಮೇಲೆ ಪ್ರಿಝಂ ಅದನ್ನು 400ಕ್ಕೆ ಹಿಡಿದು ನಿಲ್ಲಿಸುತ್ತದೆ, ಯಂತ್ರದಲ್ಲಿ ಬೇರೆಡೆ ಖಾಲಿ ಇದ್ದರೂ ಕೊಡುವುದಿಲ್ಲ. ಮೊದಲಿನ ಬಳಕೆ 300ರ ಬದಲು 350 ಇದ್ದಿದ್ದರೆ ಆ ಒಂದು ಗಂಟೆಯ ಬದಲು ಸುಮಾರು 34 ನಿಮಿಷವಷ್ಟೇ ಸಿಗುತ್ತಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಬ್ಯಾಂಕು ತೆರೆದಾಗ ವ್ಯವಹಾರ ಕುಂಟಿದರೆ, ಆರು ಗಂಟೆಗೆ ಯಾರು ಯಾವ ಬೇಡದ ಕೆಲಸ ಓಡಿಸಿದರು ಎಂದು ಹಿಂದಕ್ಕೆ ಹೋಗಿ ನೋಡಬೇಕಾಗುತ್ತದೆ. ಆವಕ-ಜಾವಕ ರಿಜಿಸ್ಟರ್ ತಿರುವಿ ಕಾಗದ ಎಲ್ಲಿ ನಿಂತಿದೆಯೆಂದು ಹುಡುಕುತ್ತಿದ್ದೆವಲ್ಲ, ಹಾಗೆ.

ಝಿಪ್ ವಿಚಾರದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಝಿಪ್ ಸಾಲದೆ ಬಂದಾಗ ಅದರ ಕೆಲಸ ಸಾಮಾನ್ಯ ಸಿಪಿಗೆ ಹರಿಯಲು ಐಐಪಿಆನರ್‌ಪ್ರಯಾರಿಟಿ=ಯೆಸ್ ಎಂಬ ನಿಯತಾಂಕ ಬಿಡುತ್ತದೆ. ಕೆಲಸ ನಿಲ್ಲುವುದಿಲ್ಲ, ಒಳ್ಳೆಯದೇ. ಹಾಗೆ ಹರಿದ ಕೆಲಸ ಮಾತ್ರ ಬಿಲ್ಲಿಗೆ ಸೇರುತ್ತದೆ. ಆದ್ದರಿಂದ ಝಿಪ್ ಬಳಕೆ 90ಕ್ಕೆ ಹೋಗುವ ತನಕ ಸುಮ್ಮನಿರದೆ, ಸಿಪಿಗೆ ಎಷ್ಟು ಹರಿಯುತ್ತಿದೆ ಎಂಬುದನ್ನು ದಿನವೂ ನೋಡಬೇಕು. ಪ್ರೊಸೆಸರ್ ಎರಡೇ ಇರುವ ಕಡೆ 60ಕ್ಕೇ ಹರಿಯಲು ತೊಡಗಬಹುದು.

ಕಲಿಯಬೇಕೆನ್ನುವ ಮಕ್ಕಳಿಗೆ ಒಂದು ಮಾಹಿತಿ. ಐಬಿಎಂ ಝಡ್ ಎಕ್ಸ್‌ಪ್ಲೋರ್ ಎಂಬ ಉಚಿತ ಕಲಿಕಾ ತಾಣದಲ್ಲಿ ನಿಜವಾದ ಝಡ್/ಓಎಸ್ ಮೇಲೆ ಕೈಯಾಡಿಸಬಹುದು. ಸಿಎಫ್ ಆಜ್ಞೆ ಕೊಡುವ ಅಧಿಕಾರವನ್ನು ಅಲ್ಲಿ ಕೊಡುತ್ತಾರೆಂದು ಆಸೆ ಇಟ್ಟುಕೊಳ್ಳಬೇಡಿ. ಸಿಸ್ಟಂ ಕಮಾಂಡ್ಸ್, ಪ್ರಿಝಂ ಪ್ಲ್ಯಾನಿಂಗ್ ಗೈಡ್, ಆರ್‌ಎಂಎಫ್ ವರದಿ ವಿವರಣೆ ಈ ಮೂರು ಕೈಪಿಡಿಗಳೂ ಐಬಿಎಂ ತಾಣದಲ್ಲಿ ದುಡ್ಡು ಕೊಡದೆ ಸಿಗುತ್ತವೆ. ಮೂರನೆಯದನ್ನು ಮೊದಲು ಓದಿ. ವರದಿಯ ಅಂಕಣಗಳ ಅರ್ಥ ತಿಳಿದರೆ ಉಳಿದೆರಡು ಸಲೀಸು. ಬಿಡಿಸಲಾಗದ ವರದಿಯಿದ್ದರೆ ಕಂಪನಿಯ ಹೆಸರು, ಸಿಸ್ಟಂ ಹೆಸರು ಅಳಿಸಿ, ಬರೀ ಅಂಕಿಗಳನ್ನು ಬರೆದು ಸಂಘದ ವಿಳಾಸಕ್ಕೆ ಕಳಿಸಿ. ಈ ಕೆಲಸದಲ್ಲೇ ಇರುವ ಇಬ್ಬರು ಸದಸ್ಯರು ನೋಡಿ ಉತ್ತರ ಬರೆಯಲು ಒಪ್ಪಿದ್ದಾರೆ.

– ಕಾರ್ಯದರ್ಶಿ